ಹಾರುವ ಸದ್ದು

“ಕೇಳೋರು ಯಾರು ಹೇಳು, ಸದ್ದಕ್ಕ? ಮಕ್ಕಳು ಗುಂಡಿ ಒತ್ತುತ್ತಾರೆ, ನೋಡ್ತಾರೆ, ಅಷ್ಟೇ. ನಿನ್ನ ಕುಂಯ್ ಕುಂಯ್ ಹಾಡು ತೆಗೆದರೆ ಆ ಜಾಗದಲ್ಲಿ ನಾನು ಬರೆದ ಮೋಡ ಕೂರುತ್ತೆ,” ಎಂದು ಆಟದ ಚಿತ್ರ ಬರೆಯುವವನು ಎಲ್ಲರೆದುರು ನಕ್ಕಾಗ, ಆಟಕ್ಕೆ ಹಾಡು, ಸದ್ದು ಕಟ್ಟುವ ಅವಳ ಮೈಯೆಲ್ಲ ಉರಿದುಹೋಯಿತು. ವಿಡಿಯೋ ಆಟವನ್ನು ತುಂಬಿಡುವ ಆ ಪುಟ್ಟ ಕಾರ್ಟ್ರಿಜ್ ಡಬ್ಬಿಯಲ್ಲಿ ಚಿತ್ರಕ್ಕೂ ಸದ್ದಿಗೂ ಸೇರಿ ಇರುವುದೇ ಅಂಗೈಯಗಲ ಜಾಗ. ಒಮ್ಮೆಗೆ ಮೂರೇ ಸ್ವರ ನುಡಿಯುವ ಯಂತ್ರದಿಂದ ಅವಳು ಅದರೊಳಗೆ ಒಂದು ಮೇಳವನ್ನೇ ಕೂರಿಸಿದ್ದಳು.

“ತೆಗೆದುಬಿಡಮ್ಮ, ಮೋಡ ಚೆನ್ನಾಗಿದೆ,” ಎಂದರು ಕಂಪನಿಯ ಯಜಮಾನರು, ತಲೆಯೆತ್ತದೆ.

ಅವಳು ಕೀಲಿಗಳನ್ನು ಕುಟ್ಟಿ ಹಾಡನ್ನು ಅಳಿಸಿದಳು. ಅದರ ಜೊತೆಗೇ, ಆಟದ ಹುಡುಗ ಹಳ್ಳ ದಾಟಲು ಹಾರಿದಾಗ ಕೇಳುವ ‘ಟುಂಯ್’ ಸದ್ದನ್ನೂ ಅಳಿಸಿದಳು. “ತಗೊಳ್ಳಣ್ಣ, ಆಡು,” ಎಂದು ಗುಂಡಿಗಳಿರುವ ಆಟದ ಹಿಡಿಯನ್ನು ಚಿತ್ರದವನ ಕೈಗೆ ತುರುಕಿದಳು.

ದಿನವೂ ಹರಟೆ ಹೊಡೆಯುತ್ತಲೇ ದಾಟುತ್ತಿದ್ದ ಮೊದಲ ಹಳ್ಳಕ್ಕೇ ಅವನು ಬಿದ್ದ. ಮತ್ತೆ ಬಿದ್ದ. ಹೆಬ್ಬೆರಳು ಬೆಳ್ಳಗಾಗುವಂತೆ ಒತ್ತಿದ. “ಏ, ಈ ಗುಂಡಿ ಕೆಟ್ಟಿದೆ! ಒತ್ತಿದ್ದು ತಾಗ್ತಾನೇ ಇಲ್ಲ!” ಯಜಮಾನರು ಕಿತ್ತುಕೊಂಡು ಆಡಿದರು. ಅವರೂ ಬಿದ್ದರು.

“ಗುಂಡಿ ಸರಿಯಾಗೇ ಇದೆ. ಹಾರೋ ಸದ್ದು ತೆಗೆದಿದ್ದೀನಿ. ಯಾವಾಗ ಹಾರಿದ್ರಿ ಅಂತ ನಿಮ್ಮ ಬೆರಳಿಗೆ ಗೊತ್ತಾಗ್ತಿಲ್ಲ,” ಎಂದಳು.

ಯಜಮಾನರು ಹಿಡಿಯನ್ನು ಮೇಜಿನ ಮೇಲಿಟ್ಟರು. “ಸರಿ, ಅದೊಂದನ್ನ ವಾಪಸ್ ಹಾಕಮ್ಮ.”

ಅವಳು ಕೈಕಟ್ಟಿ ಕುರ್ಚಿಗೊರಗಿದಳು.

“ಅದು ಒಂಟಿಯಾಗಿ ಬರೋದಿಲ್ಲ ಸಾರ್. ಬಂದರೆ ಹಾಡಿನ ಜೊತೆಗೇ.”