ಅಜ್ಜನ ನೆತ್ತಿಯ ಮೇಲೆ

ಒದ್ದೆ ವಿಭೂತಿಯ ವಾಸನೆ ಬಂದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ಆಗ ನಾನು ಮೂರನೇ ಕ್ಲಾಸು. ದಾವಣಗೆರೆಯಿಂದ ಬಂದು ವಿಜಯನಗರದಲ್ಲಿ ನಮ್ಮ ಜೊತೆಗಿದ್ದ ಅಜ್ಜ ಬೆಳಿಗ್ಗೆ ತೀರಿಕೊಂಡಿದ್ದ. ಮಧ್ಯಾಹ್ನ ನನ್ನನ್ನು ಸ್ಕೂಲಿನಿಂದ ಕರೆತಂದಾಗ ಅವನು ಹಾಲ್‌ನಲ್ಲಿ ಗೋಡೆಗೊರಗಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಪೂಜೆಗೆ ಕೂತಂತೆ ಕೂತಿದ್ದ. ಸತ್ತವರನ್ನು ಮಲಗಿಸುತ್ತಾರೆಂದು ಮಾತ್ರ ನನಗೆ ಗೊತ್ತಿತ್ತು; ನಮ್ಮವರಲ್ಲಿ ಹೀಗೆ ಕೂರಿಸುತ್ತಾರೆಂದು ಗೊತ್ತಿರಲಿಲ್ಲ.

“ಅಜ್ಜಾ, ಎದ್ದ್ಯಾ?” ಎಂದು ಓಡಿ ಹೋಗಿ ಕೆನ್ನೆ ಮುಟ್ಟಿದೆ. ಕಲ್ಲಿನ ಹಾಗೆ ತಣ್ಣಗಿತ್ತು. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ಅಷ್ಟರಲ್ಲಿ ಮಠದ ಅಯ್ಯನವರು ಬಂದರು. ಅಪ್ಪ ಅವರ ಪಾದ ತೊಳೆದ. ಅವರು ಮಂತ್ರ ಹೇಳುತ್ತಾ ಬಲಗಾಲನ್ನೆತ್ತಿ ಅಜ್ಜನ ನೆತ್ತಿಯ ಮೇಲಿಟ್ಟರು. ನನ್ನ ಕಾಲು ಪುಸ್ತಕಕ್ಕೆ ತಾಗಿದರೂ ಗದರುತ್ತಿದ್ದ ಅಜ್ಜ, ಸುಮ್ಮನೆ ಕೂತೇ ಇದ್ದ.

“ಕಾಲ್ ತೆಗೀರಿ! ಅಜ್ಜಂಗೆ ನೋವಾಗತ್ತೆ!” ಎಂದು ಕಿರುಚಿದೆ.

ಅಜ್ಜಿ ನನ್ನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. “ಸುಮ್ನಿರವ್ವಾ. ನೀನು ಕೂಸಿದ್ದಾಗ ಕೊರಳಿಗೆ ಲಿಂಗ ಕಟ್ಟಿದ್ರಲ್ಲ, ಹಂಗೇ ಇದೂ. ಗುರುವಿನ ಪಾದ ಅದು. ನೋವಾಗಲ್ಲ.”

ಹಾಗೆನ್ನುವಾಗ ಅವಳ ಉಗುರುಗಳು ನನ್ನ ಅಂಗೈಗೆ ನಾಟಿದ್ದವು. ಅಯ್ಯನವರು ಪಾದ ಕೆಳಗಿಡುವವರೆಗೂ ಅವಳು ಕಣ್ಣು ತೆರೆಯಲಿಲ್ಲ.