ಒಂಬತ್ತನೆಯ ಜೊತೆ

"ಇದೂ ಬೇಡ," ಎಂದು ಅಪ್ಪ ಎಂಟನೆಯ ಜೊತೆ ಬೂಟನ್ನು ಡಬ್ಬಿಯೊಳಗಿಟ್ಟು, ಮುಚ್ಚಳವನ್ನೂ ಹಾಕಿ, ಮಗಳ ಕಡೆ ನೋಡದೆ ಕೂತ.

ಇದು ಮೂರನೆಯ ಅಂಗಡಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂ, ಯಾವುದೋ ಕಂಪನಿಯ ಉಗ್ರಾಣ ನೋಡಿಕೊಳ್ಳುವ ಕೆಲಸ. ಬಣ್ಣ ಒಪ್ಪುತ್ತದೋ, ಪ್ಯಾಂಟಿನ ಅಂಚು ಬೂಟಿನ ಮೇಲೆ ಸರಿಯಾಗಿ ಕೂರುತ್ತದೋ ನೋಡಬೇಕೆಂದು ಮಗಳು ಅವನಿಗೆ ಚಿಕ್ಕಪ್ಪನ ನೀಲಿ ಸೂಟು ತೊಡಿಸಿಯೇ ಕರೆತಂದಿದ್ದಳು. ಹಳೆಯ ಬೂಟನ್ನು, ಮತ್ತೆ ಅದಕ್ಕೇ ಜೋತುಬೀಳದಿರಲಿ ಎಂದು, ಬೆಳಿಗ್ಗೆಯೇ ಕಸದ ಗಾಡಿಗೆ ಹಾಕಿದ್ದಳು. ಹಾಗಾಗಿ ಮೇಲೆ ಸೂಟು, ಟೈ. ಕೆಳಗೆ ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿ. ಬೀದಿಯಲ್ಲಿ ಎದುರಾದವರು ಮೊದಲು ಮುಖ ನೋಡಿ, ಆಮೇಲೆ ಕಾಲು ನೋಡಿ, ಮತ್ತೆ ಮುಖ ನೋಡುತ್ತಿದ್ದರು. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ನಾಚಿಕೆಯೆಲ್ಲ ಅವಳ ಪಾಲಿಗೇ ಬಂದಿತ್ತು.

"ಇದರಲ್ಲೇನು ಕೊರತೆ?"

"ಅಟ್ಟೆ ಹೊಲಿದಿಲ್ಲ. ಅಂಟು ಹಚ್ಚಿ ಕೂರಿಸಿದ್ದಾರೆ. ಮೇಲೆ ಹೊಲಿಗೆ ಥರ ಸುಮ್ನೆ ಗೆರೆ ಒತ್ತಿದ್ದಾರೆ."

"ಅದಕ್ಕೆ ಮುಂಚಿಂದು?"

"ಎಡಗಾಲಿಂದು ಬಲಗಾಲಿಗಿಂತ ಕೂದಲೆಳೆಯಷ್ಟು ಉದ್ದ."

"ಅಪ್ಪಾ, ನಿನ್ನ ಕಾಲೇ ಒಂದು ಉದ್ದ, ಒಂದು ಗಿಡ್ಡ!"

"ಕಾಲು ದೇವರು ಮಾಡಿದ್ದು. ಅಲ್ಲಿ ಚೆಕಿಂಗ್ ಇಲ್ಲ."

ಅಂಗಡಿಯವನು ನಕ್ಕ. ಅವಳು ನಗಲಿಲ್ಲ. ಇಪ್ಪತ್ತಾರು ವರ್ಷ ಬೂಟಿನ ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಕೂತು, ತಯಾರಾಗಿ ಬಂದ ಪ್ರತಿ ಜೊತೆಯನ್ನೂ ಬಗ್ಗಿಸಿ, ಮೂಸಿ, ಬೆರಳಾಡಿಸಿ ನೋಡಿ, ಒಳ್ಳೆಯದನ್ನು ಬಲಕ್ಕೂ, ಕೆಟ್ಟದ್ದನ್ನು ಬಳಪದ ಗುರುತು ಹಾಕಿ ಎಡಕ್ಕೂ ಇಟ್ಟ ಮನುಷ್ಯ. ಕಳೆದ ವರ್ಷ ಕಾರ್ಖಾನೆಗೆ ಬೀಗ ಬಿದ್ದಿತ್ತು. ಅವನ ಕೈಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ಮೂರು ಇಂಟರ್‌ವ್ಯೂಗೆ ಹೋಗಿ ಬಂದಿದ್ದ. ಏನಾಯಿತು ಎಂದು ಕೇಳಿದರೆ "ತಿಳಿಸ್ತಾರಂತೆ" ಎನ್ನುವುದು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುವುದು. ಬಾಯಿ ಬಿಟ್ಟ ಆ ಹಳೆಯ ಬೂಟೇ ಎಲ್ಲ ಕೆಡಿಸಿತೆಂದು ಅವಳೇ ತೀರ್ಮಾನಿಸಿ, ಆಸ್ಪತ್ರೆಯ ಲ್ಯಾಬಿನಲ್ಲಿ ಮೇಲಿನವರ ಕೈಲಿ ಬೈಸಿಕೊಂಡು ಅರ್ಧ ದಿನ ರಜೆ ತೆಗೆದುಕೊಂಡಿದ್ದಳು. ಅದೂ ಮುಗಿಯುತ್ತ ಬಂದಿತ್ತು.

ಅಂಗಡಿಯವನು ಏಣಿ ಹತ್ತಿ ಒಂಬತ್ತನೆಯ ಜೊತೆ ಇಳಿಸಿದ. ಕಡುಗಂದು ಬಣ್ಣ, ಸಣ್ಣ ಲೇಸು. "ನೀಲಿ ಸೂಟಿಗೆ ಹೇಳಿ ಮಾಡಿಸಿದ ಹಾಗಿದೆ ಸಾರ್."

ಅಪ್ಪ ತೊಟ್ಟ. ಎದ್ದು ಕನ್ನಡಿಯವರೆಗೆ ನಡೆದು ಬಂದ. ಪ್ಯಾಂಟಿನ ಅಂಚು ಎಲ್ಲಿ ಕೂರಬೇಕೋ ಅಲ್ಲೇ ಕೂತಿತ್ತು. ತಲೆಯಿಂದ ಕಾಲಿನವರೆಗೆ ಒಬ್ಬನೇ ಮನುಷ್ಯನಂತೆ ಅವನು ಕಂಡದ್ದು ಆ ದಿನ ಅದೇ ಮೊದಲು. ಅಬ್ಬಾ ಎಂದು ಅವಳು ಉಸಿರು ಬಿಟ್ಟಳು. ಬಿಟ್ಟದ್ದೇ ತಪ್ಪಾಯಿತು. ಅಪ್ಪ ಕೂತು, ಒಂದು ಬೂಟನ್ನು ಕಳಚಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದ. ಹಿಮ್ಮಡಿಯ ಬಳಿ ಬೆರಳು ನಿಂತಿತು. ಅವಳು ತಡೆಯುವಷ್ಟರಲ್ಲಿ ಕೈ ಸೂಟಿನ ಜೇಬಿಗೆ ಹೋಗಿ, ಒಂದು ತುಂಡು ಬಳಪ ತೆಗೆದು, ಹೊಚ್ಚಹೊಸ ಚರ್ಮದ ಮೇಲೆ ಗುಂಡಗೆ ಒಂದು ಸುತ್ತು ಎಳೆದು, ಅದರ ನಡುವೆ ಅಡ್ಡಗೆರೆ ಹಾಕಿಬಿಟ್ಟಿತು.

"ಸಾರ್! ಏನ್ ಮಾಡಿದ್ರಿ ಇದು?"

ಅಪ್ಪ ಬೇರೆ ಯಾರದೋ ಕೈ ನೋಡುವವನಂತೆ ತನ್ನ ಕೈ ನೋಡಿಕೊಂಡ. "ಅಭ್ಯಾಸ... ತಪ್ಪಾಯ್ತು," ಎಂದು ತೋಳಿನಿಂದ ಉಜ್ಜಿದ. ಬಿಳಿ ಪುಡಿ ಹೊಲಿಗೆಯ ತೂತುಗಳೊಳಗೆ ಇಳಿಯಿತು. ಉಳಿದದ್ದು ಚಿಕ್ಕಪ್ಪನ ಸೂಟಿಗೆ ಮೆತ್ತಿತು.

"ಇನ್ನು ಇದನ್ನ ಯಾರು ತಗೋತಾರೆ ಮೇಡಂ?"

"ನಾವೇ ತಗೋತೀವಿ. ಕಟ್ಟಿಕೊಡಿ."

"ಬೇಡ ಪುಟ್ಟಿ," ಅಪ್ಪನ ದನಿಯಲ್ಲಿ ಗಾಬರಿಯಿತ್ತು. "ಹಿಮ್ಮಡಿಯೊಳಗೆ ರಟ್ಟು ತುಂಬಿದ್ದಾರೆ. ಇದು ರಿಜೆಕ್ಟ್ ಮಾಲು ಕಣೇ."

ಅವಳ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. "ಸಾಕು ಮಾಡಪ್ಪಾ! ಮೊಸರಲ್ಲಿ ಕಲ್ಲು ಹುಡುಕೋದಕ್ಕೂ ಒಂದು ಮಿತಿ ಇದೆ. ಇದೇನು ಮೊಮ್ಮಕ್ಕಳ ಕಾಲಕ್ಕೂ ಬಾಳಬೇಕಾ? ನಾಳೆ ಅರ್ಧ ಗಂಟೆ ಒಂದು ಕುರ್ಚಿ ಮೇಲೆ ಕೂತು ಬಂದ್ರೆ ಆಯ್ತು! ಬೆಳಿಗ್ಗೆಯಿಂದ ಒಂದೊಂದನ್ನೂ ಬೇಡ, ಬೇಡ, ಬೇಡ. ಇಷ್ಟು ಸಲೀಸಾಗಿ ಹೇಗಪ್ಪ ಬರುತ್ತೆ ನಿನ್ನ ಬಾಯಲ್ಲಿ ಆ ಮಾತು?"

ಅಂಗಡಿಯವನು ಡಬ್ಬಿಗಳ ಕಡೆ ತಿರುಗಿ, ಆಗಲೇ ಜೋಡಿಸಿದ್ದನ್ನು ಮತ್ತೆ ಜೋಡಿಸತೊಡಗಿದ. ಅಪ್ಪ ಒಂದು ಕಾಲಿಗೆ ಬೂಟು ತೊಟ್ಟು, ಇನ್ನೊಂದು ಬರಿಗಾಲಲ್ಲಿ ಕೂತಿದ್ದ. ನಲ್ಲಿ ಬಿಟ್ಟುಕೊಳ್ಳಲು ಇಲ್ಲಿ ಬಚ್ಚಲಿರಲಿಲ್ಲ.

"ಆ ಮೂರು ಇಂಟರ್‌ವ್ಯೂನಲ್ಲಿ ಏನಾಯ್ತು ಅಂತ ಕೇಳ್ತಿದ್ಯಲ್ಲ," ಎಂದ ಕೊನೆಗೆ. "ಹುಟ್ಟಿದ ವರ್ಷ ನೋಡಿದ್ರು. ಕಾಗದ ಮಗುಚಿ ಇಟ್ರು. ಹೋಗಿ ಬನ್ನಿ ಅಂದ್ರು. ಕುರ್ಚಿ ಬೆಚ್ಚಗಾಗೋಷ್ಟು ಹೊತ್ತೂ ಕೂತಿರಲಿಲ್ಲ ನಾನು."

ಅಪ್ಪ ಬೂಟನ್ನು ದೀಪದ ಬೆಳಕಿಗೆ ಹಿಡಿದು, ಅಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ.

"ಬೇಡ ಅನ್ನೋಕೆ ಮುಂಚೆ ನಾನು ಬಗ್ಗಿಸಿಯಾದ್ರೂ ನೋಡ್ತೀನಿ ಕಣೇ."