ಕೆಂಪು ಗೆರೆ

"ಇಳಿಯಮ್ಮ ತಾಯಿ, ಸೀಟು ಹೊಸದು!" ಎಂದು ಲಾಂಡ್ರಿ ಮಾಲೀಕರು ಕೂಗಿಕೊಂಡರು. ಬಾಯಕ್ಕ ಇಳಿಯಲಿಲ್ಲ. ಲಾಂಡ್ರಿಯಲ್ಲಿ ಸಿಗದ, ಆಫೀಸಿನಲ್ಲಿ ಸಿಗದ, ಫೋನಿಗೂ ಸಿಗದ ಮನುಷ್ಯ ಕೊನೆಗೆ ಗ್ಯಾರೇಜಿನಲ್ಲಿ ತನ್ನ ಕಾರಿನೊಳಗೇ ಸಿಕ್ಕಿಬಿದ್ದಿದ್ದರು. ಬಿಟ್ಟರೆ ಕೆಟ್ಟೆ ಎಂದು ಅವಳು ಪಕ್ಕದ ಸೀಟಿನಲ್ಲಿ ಬೇರು ಬಿಟ್ಟು ಕೂತಳು. ಇಸ್ತ್ರಿ ಕೋಣೆಯ ಹೆಂಗಸರಲ್ಲಿ ಎದುರು ನಿಂತು ಮಾತಾಡುವವಳು ಅವಳೊಬ್ಬಳೇ. ಅದಕ್ಕೇ ಮಾಲೀಕರು ಅವಳನ್ನು ಬಾಯಕ್ಕ ಎಂದು ಕರೆದಿದ್ದರು. ಬೈಗುಳವಾಗಿ ಬಂದ ಹೆಸರನ್ನು ಅವಳು ಬಿರುದಿನ ಹಾಗೆ ಇಟ್ಟುಕೊಂಡಿದ್ದಳು.

"ನಿನ್ನೆ ಇನ್ನೊಬ್ಬಳು ತಲೆ ಸುತ್ತಿ ಬಿದ್ಲು ಸಾರ್. ಇಸ್ತ್ರಿ ಕೋಣೆಗೆ ಬಿಸಿಗಾಳಿ ಹೊರಗೆ ಎಳೆಯೋ ಫ್ಯಾನ್ ಹಾಕ್ಸಿ. ಬೆಂದು ಹೋಗ್ತಿದ್ದೀವಿ."

"ಬೇಯೋಕೆ ನೀವೇನು ಆಲೂಗಡ್ಡೆಗಳಾ? ಎಲ್ಲಾ ನಿಮ್ಮ ಭ್ರಮೆ. ಸುಮ್ನಿರು, ಮುಖ್ಯವಾದ ಕೆಲಸದಲ್ಲಿದ್ದೀನಿ."

ಮುಖ್ಯವಾದ ಕೆಲಸವೆಂದರೆ ಎಂಜಿನ್ನಿನ ಬಿಸಿ, ಒತ್ತಡಗಳನ್ನು ಮುಳ್ಳಿನಲ್ಲಿ ತೋರಿಸುವ ಗೇಜುಗಳನ್ನು ಆರಿಸುವುದು. ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ವೇಗ ಹೆಚ್ಚಿಸುವ ಟರ್ಬೊವನ್ನು ಕಾರಿಗೆ ಹಾಕಿಸಿದ ದಿನದಿಂದ, ಎಂಜಿನ್ ಒಳಗೆ ಏನು ನಡೆಯುತ್ತಿದೆಯೋ ಎಂಬ ಚಿಂತೆಯಲ್ಲಿ ಮಾಲೀಕರಿಗೆ ಊಟ ಸೇರುತ್ತಿರಲಿಲ್ಲ. ಮೆಕ್ಯಾನಿಕ್ ಕಿಟಕಿಯಲ್ಲಿ ತಲೆ ತೂರಿಸಿ ಡಬ್ಬಿಗಳನ್ನು ಒಂದೊಂದಾಗಿ ಒಳಗೆ ಚಾಚುತ್ತಿದ್ದ. "ಇದು ಬ್ಯಾಟರಿದು ಸಾರ್. ಇದು ಗಡಿಯಾರ, ಕತ್ತಲಲ್ಲಿ ನೀಲಿ ಹೊಳೆಯುತ್ತೆ. ಎಲ್ಲಾನೂ ಹಾಕಿಸ್ಬಿಡಿ, ವಿಮಾನದ ಥರ ಕಾಣುತ್ತೆ."

"ಕಾರಿಗೇನು ಮದುವೆ ಮಾಡ್ತಿದ್ದೀವೇನಯ್ಯ, ಮೈತುಂಬಾ ಒಡವೆ ಹೇರೋಕೆ? ನೋಡೋಕೆ ಚೆಂದ ಇರೋದು ಬೇಡ, ಕೆಡೋಕೆ ಮುಂಚೆ ಎಚ್ಚರಿಸೋದು ಬೇಕು. ಎಣ್ಣೆ ಒತ್ತಡ ಒಂದು, ಅದು ಬಿತ್ತು ಅಂದ್ರೆ ಎಂಜಿನ್ ಕತೆ ಮುಗೀತು. ಎಣ್ಣೆ ಬಿಸಿ ಒಂದು. ಟರ್ಬೊ ಒತ್ತಡ ಒಂದು. ಕಣ್ಣಿಗೆ ನೇರ ಕಾಣೋ ಹಾಗೆ ಮೂರೇ ಸಾಕು."

"ಮತ್ತೆ ಇದು? ನೀವೇ ತರಿಸಿದ್ದು. ಡಬ್ಬಿ ಒಡೆದಾಗಿದೆ, ಅಂಗಡಿಯವನು ವಾಪಸ್ ತಗೊಳ್ಳಲ್ಲ."

"ಅದು ಎಂಜಿನ್ ಒಳಗೆ ಎಳ್ಕೊಳ್ಳೋ ಗಾಳಿ ಎಷ್ಟು ಬಿಸಿ ಅಂತ ತೋರ್ಸೋದು. ಬಿಸಿಗಾಳಿ ಕುಡಿದ್ರೆ ಎಂಜಿನ್ ಪಾಪ, ಸೊರಗಿ ಹೋಗುತ್ತೆ. ಈಗ ಆ ಗಾಳಿ ತಣ್ಣಗೆ ಮಾಡೋಕೆ ದೊಡ್ಡ ಕೂಲರ್ರೇ ಹಾಕ್ಸಿದ್ದೀನಲ್ಲ, ಇದು ಬೇಡ."

"ಎಂಜಿನ್‌ಗೆ ಕೂಲರಾ?" ಬಾಯಕ್ಕ ಕಣ್ಣರಳಿಸಿದಳು.

"ಮತ್ತಿನ್ನೇನು? 'ಸಾರ್, ಬೆಂದು ಹೋಗ್ತಿದ್ದೀನಿ' ಅಂತ ಬಂದು ಹೇಳೋಕೆ ಅದಕ್ಕೇನು ನಿನ್ನ ಥರ ಬಾಯಿದೆಯಾ? ಬಾಯಿಲ್ಲದ ಜೀವ. ಮುಳ್ಳು ನೋಡಿ ನಾವೇ ಅರ್ಥ ಮಾಡ್ಕೋಬೇಕು. ಮುಳ್ಳು ಕೆಂಪು ಗೆರೆ ದಾಟಿತು ಅಂದ್ರೆ ಈ ಗೇಜು ಕಿರುಚುತ್ತೆ. ಕಿರುಚಿದ ಮೇಲೂ ಓಡಿಸೋನು ಮನುಷ್ಯನಲ್ಲ, ಕಟುಕ."

"ನಮಗೆ ಬಾಯಿರೋದೇ ತಪ್ಪಾಯ್ತು ನೋಡಿ. ಹಾಗಾದ್ರೆ ಆ ಬೇಡದ ಗೇಜು ನಮಗೆ ಕೊಟ್ಬಿಡಿ ಸಾರ್. ನಾಳೆಯಿಂದ ನಾನು ತುಟಿ ಬಿಚ್ಚಲ್ಲ. ಏನಿದ್ರೂ ಮುಳ್ಳೇ ಹೇಳ್ಲಿ."

ಈ ಬಾಯಿ ಇಷ್ಟು ಸುಲಭಕ್ಕೆ ಮುಚ್ಚುತ್ತದೆಂದು ಮಾಲೀಕರು ಕನಸಿನಲ್ಲೂ ಎಣಿಸಿರಲಿಲ್ಲ. "ಕೊಡಯ್ಯ, ಕೊಡು! ಒಂದು ಹಳೇ ಬ್ಯಾಟರಿನೂ ಸೇರಿಸಿ ಕೊಡು. ಗೋಡೆಗೆ ಹೊಡ್ಕೊಳ್ಳಲಿ."

"ಕೆಂಪು ಗೆರೆ ಎಲ್ಲಿಗೆ ಇಡ್ಲಿ?" ಎಂದ ಮೆಕ್ಯಾನಿಕ್.

"ಸಾರ್ ಎಂಜಿನ್‌ಗೆ ಎಲ್ಲಿಗೆ ಇಡಿಸ್ತಿದ್ರೋ ಅಲ್ಲಿಗೇ ಇಡಪ್ಪ," ಎಂದಳು ಬಾಯಕ್ಕ. "ಅದಕ್ಕಿಂತ ಜಾಸ್ತಿ ಮರ್ಯಾದೆ ನಮಗೆ ಬೇಡ."

ಮಾಲೀಕರು ಹೊಟ್ಟೆ ಹಿಡಿದು ನಕ್ಕು, ಹೂಂ ಎಂದರು.

ಮರುದಿನ ಹೋಟೆಲಿನ ಮೊದಲ ಗಂಟು ಹಾಸುಬಟ್ಟೆ ಮುಗಿಯುವ ಮೊದಲೇ ಇಸ್ತ್ರಿ ಕೋಣೆಯ ಗೋಡೆ ಕಿರುಚಿತು. ಹೆಂಗಸರು ಸ್ವಿಚ್ಚು ಆರಿಸಿ, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದು ನೆರಳಿನಲ್ಲಿ ಸಾಲಾಗಿ ಕೂತರು. ಗೇಟಿನಲ್ಲಿ ಹೋಟೆಲಿನ ವ್ಯಾನು ಒಂದೇ ಸಮನೆ ಹಾರನ್ ಹೊಡೆಯತೊಡಗಿತು. ಮಾಲೀಕರು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು.

"ಯಾರು ಕೆಲಸ ನಿಲ್ಸಿದ್ದು?"

ಬಾಯಕ್ಕ ಕೋಣೆಯ ಗೋಡೆಯತ್ತ ಬೆರಳು ತೋರಿಸಿದಳು, ಅಷ್ಟೇ.

"ಮುಳ್ಳು ಕೆಟ್ಟಿದೆ! ಆ ಮೆಕ್ಯಾನಿಕ್‌ನ ಕರೀರಿ!"

ಮೆಕ್ಯಾನಿಕ್ ಬಂದು, ಮಾಲೀಕರ ಜೊತೆ ಕೋಣೆಯೊಳಗೆ ಹೋದ. ಅಂಥದೇ ಇನ್ನೊಂದು ಗೇಜನ್ನು ಪಕ್ಕದಲ್ಲಿ ಹಿಡಿದು ನೋಡಿದ. ಎರಡು ಮುಳ್ಳುಗಳೂ ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಕಡೆ ಹೋಗಿ ನಿಂತವು, ಕೆಂಪು ಗೆರೆಯ ಆಚೆಗೆ. "ಸರಿಯಾಗೇ ಇದೆ ಸಾರ್!" ಎಂದು ಕೂಗಿದ. ಆ ಕಿರುಚಾಟದಲ್ಲಿ ಪಿಸುಮಾತಿಗೆ ಜಾಗವಿರಲಿಲ್ಲ. ಗುಟ್ಟು ಹೇಳಬೇಕಾದರೂ ಗಂಟಲು ಹರಿದುಕೊಂಡೇ ಹೇಳಬೇಕಿತ್ತು. ಮಾಲೀಕರೂ ಹಾಗೆಯೇ ಹೇಳಿದರು.

"ಆ ಕೆಂಪು ಗೆರೆನ ಒಂಚೂರು ಮೇಲಕ್ಕೆ ಇಟ್ಬಿಡಯ್ಯ!"

"ಅದಕ್ಕೇನಂತೆ ಸಾರ್, ಇಟ್ಟರಾಯ್ತು! ಹಂಗೇ ನಿಮ್ಮ ಕಾರಿನದೂ ಒಂಚೂರು ಮೇಲಕ್ಕೆ ಇಟ್ಬಿಡ್ಲಾ?"

"ಥೂ ನಿನ್ನ! ಕಾರು ಮುಟ್ಟಿದ್ರೆ ನೋಡು! ಎಂಜಿನ್ ಸತ್ತೇ ಹೋಗುತ್ತೆ ಕಣಯ್ಯ!"

ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು. ಆ ಬಿಸಿಯಲ್ಲಿ ಅಷ್ಟು ಕೂಗಿದ್ದಕ್ಕೇ ಮಾಲೀಕರಿಗೆ ಏದುಸಿರು ಬಂದು ಕಣ್ಣು ಕತ್ತಲೆಯಿಟ್ಟಿತು. ಅಂಗಿ ಮೈಗೆ ಅಂಟಿತ್ತು. ಬಾಗಿಲು ತಡವಿಕೊಂಡು, ಗಾಳಿಗಾಗಿ ಬಾಯಿ ತೆರೆದು ಅವರು ಹೊರಗೆ ಬಂದರು. ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು, ನೆರಳಿನಲ್ಲಿ ಅವರಿಗೂ ಒಂದಿಷ್ಟು ಜಾಗ ಬಿಟ್ಟರು.